ಮೈತೆಯ ಕೋಲು, ಅಜ್ಜಿಯ ಚೇಳು

"ಅಜ್ಜಿ, ಸ್ವೆಟರ್ ತೆಗೀಬೇಡ! ಪ್ಲೀಸ್!"

ಶರ್ವಾಣಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಮಿಸೌರಿ ಸಿಟಿಯ ಅವಳ ಶಾಲೆಯ ಮೈದಾನದಲ್ಲಿ ಅಂದು ಹೆರಿಟೇಜ್ ಡೇ. ಮೇ ತಿಂಗಳ ಬಿಸಿಲಿಗೆ ಟೀಚರ್‌ಗಳೆಲ್ಲ ಬೆವರಿ ತೊಪ್ಪೆಯಾಗಿದ್ದರು. ನಿಂಗವ್ವಜ್ಜಿ ಮಾತ್ರ ಇಳಕಲ್ ಸೀರೆಯ ಮೇಲೆ ಉಣ್ಣೆಯ ಸ್ವೆಟರ್ ಹಾಕಿ ಕೂತಿದ್ದರು. ಅದು ಮೊಮ್ಮಗಳ ಆರ್ಡರ್! ಅಜ್ಜಿಯ ಕೈಮೇಲಿನ ಹಸಿರು ಹಚ್ಚೆಯನ್ನು ಯಾರಾದರೂ ನೋಡಿ ನಕ್ಕರೆ ಅವಳ ಮಾನ ಹೋಗುತ್ತಿತ್ತಂತೆ.

"ಕೈ ತೋರ್ಸಿದ್ರ ಪೊಲೀಸ್ರು ಹಿಡೀತಾರೇನವ್ವಾ?" ಅಜ್ಜಿ ಮೂತಿ ತಿರುವಿದರು.

ಶರ್ವಾಣಿಗೆ ಉತ್ತರ ಕೊಡಲು ಪುರುಸೊತ್ತೆಲ್ಲಿ? ಪಕ್ಕದ ಟೇಬಲ್ ನೋಡಿ ಮೂಗು ಮುರಿಯುವ ದೊಡ್ಡ ಕೆಲಸವಿತ್ತಲ್ಲ! ಅಲ್ಲಿ ಕ್ಲಾಸ್‌ಮೇಟ್ ಮೈತೆ ಒಂದೇ ಒಂದು ಕೋಲು ಇಟ್ಟುಕೊಂಡು ನಿಂತಿದ್ದಳು. ಅವಳ ಮನೆಯವರು ಸ್ಪೇನ್-ಫ್ರಾನ್ಸ್ ಗಡಿಯ ಬೆಟ್ಟಸೀಮೆಯಿಂದ ಬಂದ ಬಾಸ್ಕ್ ಜನ. ತಾತ, ಅಮ್ಮ, ಮಾವ ಎಲ್ಲ ಸೇರಿ ಗ್ಯಾರೇಜಿನಲ್ಲಿ ಊರುಗೋಲು ಮಾಡುತ್ತಾರೆ.

"ಬರೀ ಸ್ಟಿಕ್ಕಾ? ಅದರ ಮೇಲೂ ಗಾಯದ ಕಲೆ! ಒಳ್ಳೇದು ಸಿಗಲಿಲ್ವಾ?" ಶರ್ವಾಣಿ ಕೆಣಕಿದಳು.

ಮೈತೆಯ ಮುಖ ಕೆಂಪಾಯಿತು. "ಅದು ಗಾಯಾನೇ. ನಮ್ಮೂರಲ್ಲಿ ಮರದಲ್ಲಿರೋ ಎಳೆ ಕೊಂಬೆಗೇ ಚಾಕುವಿನಿಂದ ಗೀರ್ತಾರೆ. ಕೊಂಬೆ ಬೆಳೀತಾ ಗಾಯ ಮಾಗಿ ಉಬ್ಬುತ್ತೆ. ಆಮೇಲೇ ಕಡಿದು, ವರ್ಷಗಟ್ಟಲೆ ಒಣಗಿಸೋದು. ಈ ಡಿಸೈನ್ ಮರಾನೇ ಬೆಳೆಸಿದ್ದು."

"ಏನಂತಾಳ ಆಕಿ?" ಅಜ್ಜಿ ಕೇಳಿದರು. ಶರ್ವಾಣಿ ಒಲ್ಲದ ಮನಸ್ಸಿನಿಂದ ಕನ್ನಡದಲ್ಲಿ ಹೇಳಿದಳು.

ಅಜ್ಜಿ ಕೋಲಿನ ಉಬ್ಬುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಸ್ವೆಟರ್ ಬಿಚ್ಚಿ ಮೊಮ್ಮಗಳ ಕೈಗೆ ತುರುಕಿದರು.

"ನಂದೂ ಹಂಗ ಐತಿ ಅಂತ ಹೇಳು. ಸೂಜೀಲೆ ಚುಚ್ಚಿದಾಗ ಕೈ ಇಷ್ಟs ಸಣ್ಣದಿತ್ತು. ನಾ ಬೆಳದಂಗ ಇದೂ ಬೆಳೀತು."

ಶರ್ವಾಣಿ ತಲೆ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದಳು. ಈಗ ನಗುತ್ತಾಳೆ ಎಂದುಕೊಂಡಳು. ಮೈತೆ ನಗಲಿಲ್ಲ. ಅಜ್ಜಿಯ ಕೈಗೆ ಮೂಗು ತಾಗುವಷ್ಟು ಬಗ್ಗಿದಳು.

"ವಾವ್! ಇದು ಚೇಳಾ? ಚುಚ್ಚಿದಾಗ ನಿನ್ನ ಅಜ್ಜಿಗೆ ಎಷ್ಟು ವಯಸ್ಸು?"

ಶರ್ವಾಣಿ ಅಜ್ಜಿಯ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ಅದೇ ಕೈಯಿಂದ ತುತ್ತು ತಿಂದ ಜಂಬದ ರಾಣಿಗೆ ಅಷ್ಟೂ ಗೊತ್ತಿರಲಿಲ್ಲ.

"ಅಜ್ಜಿ... ಆಗ ನೀನು ಎಷ್ಟು ದೊಡ್ಡವಳಿದ್ದೆ?"

"ನಿನಗಿಂತ ಸಣ್ಣಾಕಿ. ಉರಿ ತಾಳಲಾರದ ನಡುವs ಎದ್ದು ಓಡಿಬಿಟ್ಟೆ. ಅದಕ್ಕs ಈ ಚೇಳಿಗೆ ಒಂದು ಕಾಲಿಲ್ಲ."

ಶರ್ವಾಣಿ ಬಗ್ಗಿ ನೋಡಿದಳು. ಹೌದು, ಒಂದು ಕಾಲು ಇರಲಿಲ್ಲ. ಅವಳು ಸ್ವೆಟರನ್ನು ಟೇಬಲ್ ಕೆಳಗೆ ತಳ್ಳಿ, ಅಜ್ಜಿಯ ಕೈಯನ್ನು ಮೆಲ್ಲಗೆ ಬೆಳಕಿಗೆ ತಿರುಗಿಸಿದಳು.

"ಮೈತೆ, ಇಲ್ಲಿ ನೋಡು. ಇಲ್ಲಿ ನಮ್ಮಜ್ಜಿ ಓಡಿಹೋಗಿದ್ದು."