ಚಿನ್ನದ ನೀರು

ನಿಜಾಮರ ಲೆಕ್ಕದ ಫಸಲಿ ೧೩೫೦, ಆಜುರ್ ತಿಂಗಳ ಆರನೇ ತಾರೀಖು, ಅಂದರೆ ೧೯೪೦ರ ಅಕ್ಟೋಬರ್. ಮಸ್ಕಿಯ ಜೋಗಮ್ಮ ಮಗನ ಭುಜ ಹಿಡಿದುಕೊಂಡು ಲಿಂಗಸೂಗೂರು ಠಾಣೆಗೆ ಬಂದಳು. ಎರಡೂ ಕಣ್ಣಿಗೆ ಪೊರೆ. ಠಾಣೆಯ ಮುಖ್ಯಸ್ಥ ಅಮೀನ ಮಕ್ತುಮ್‌ಸಾಬ್ ತಾನೇ ಎದ್ದು ಅವಳನ್ನು ಬೆಂಚಿನ ಮೇಲೆ ಕೂರಿಸಿದ.

"ಏನು ಹೋತವ್ವ?"

"ಬೋರಮಾಳ ಸರ, ಸಾಹೇಬ್ರ. ನಮ್ಮವ್ವ ಹಾಕಿದ್ದು. ಒಬ್ಬ ಹಕೀಮ ಬಂದಿದ್ದ. ಬಂಗಾರ ನೀರಿನ ಗಡಿಗ್ಯಾಗ ಹಾಕು, ಬಾಯಿ ಕಟ್ಟಿ ಕೊಡ್ತೀನಿ, ಅಮಾಸಿಗೆ ಬಿಚ್ಚಿ ಆ ನೀರಿಲೆ ಕಣ್ಣು ತೊಳಕೊ, ಪೊರಿ ಕರಗತೈತಿ ಅಂದ."

"ಬಿಚ್ಚಿದಾಗ?"

"ಬರೇ ಕಲ್ಲಿನ ಹರಳು. ಮನಿಯಾಗ ಎಲ್ಲಾರೂ ನನ್ನ ಬಯ್ಯಾಕತ್ತಾರ್ರಿ."

"ಬಯ್ಯಬೇಕಾದ್ದು ಅವಂಗ, ನಿನಗಲ್ಲ. ಅಂವಗ ನಿನ್ನ ಗುರುತು ಹೆಂಗಾತು?"

"ಹೆಸರು ಹಿಡದು ಕರದ್ನಿರಿ!"

ಆ ಮಾತು ಅಮೀನನ ತಲೆಯಲ್ಲಿ ಕೂತಿತು. ಎಫ್‌ಐಆರ್ ದಾಖಲಿಸಿ, ಮಸ್ಕಿಗೆ ಹೋಗಿ ಗಡಿಗೆಯ ಪಂಚನಾಮೆ ಮಾಡಿಸಿದ. ಗುರುಗುಂಟಾದ ಮುದುಕಪ್ಪನೂ ಹೀಗೆಯೇ ಬೆಳ್ಳಿ ಉಡದಾರ ಕಳೆದುಕೊಂಡು, ನಾಚಿಕೆಗೆ ಬಾಯಿ ಬಿಟ್ಟಿಲ್ಲವೆಂದು ಪೇದೆ ಗಾಳೆಪ್ಪ ಸುದ್ದಿ ತಂದ. ಇಬ್ಬರೂ ಲಿಂಗಸೂಗೂರಿನ ದವಾಖಾನೆಗೆ ಕಣ್ಣು ತೋರಿಸಲು ಬಂದವರು. ಆಪರೇಷನ್ನಿಗೆ ಚಳಿಗಾಲಕ್ಕೆ ಬನ್ನಿ ಎಂದು ಡಾಕ್ಟರು ಕಳಿಸಿದ್ದರು.

ಗಾಳೆಪ್ಪ ದವಾಖಾನೆಯ ಎದುರಿನ ಬೇವಿನ ಮರದ ಕೆಳಗೆ ಮಫ್ತಿಯಲ್ಲಿ ಕೂತ. ಅಲ್ಲಿ ಕಣ್ಣಿಗೆ ಹಚ್ಚುವ ಸುರ್ಮಾ ಮಾರುವ ಬಸ್ಸಪ್ಪ, ಹೊರಬಂದ ಮುದುಕರನ್ನೆಲ್ಲ ಕೈಹಿಡಿದು ಕೂರಿಸಿ ಊರು, ಹೆಸರು, ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸುತ್ತಿದ್ದ.

"ಎಳಕೊಂಡು ಬರಲೇನ್ರೀ ಸಾಬ್?"

"ಯಾವ ಸಾಕ್ಷಿ ಮ್ಯಾಲೆ? ಕಳಕೊಂಡವ್ರಿಗೆ ಕಣ್ಣಿಲ್ಲ."

ಅಮೀನನ ಖಾಲಾ, ಎಂದರೆ ಚಿಕ್ಕಮ್ಮ, ಲಾಲ್‌ಬೀ ಸಿಂಧನೂರಿನಿಂದ ಬಂದಿದ್ದಳು. ಅವಳ ಕಣ್ಣೂ ಮಂಜು, ಆದರೆ ಬಾಯಿ ಚುರುಕು. ಬಸ್ಸಪ್ಪನನ್ನು ಬಲೆಗೆ ಕೆಡವಲು ನೆರವಾಗು ಎಂದು ಅಮೀನ ಅವಳನ್ನೇ ಕೇಳಿದ.

"ನನ್ನ ಬೆಳ್ಳಿ ಬಳಿ ಹೋದ್ರ?"

"ನಾ ಜಾಮೀನು, ಖಾಲಾ."

ಮರುದಿನ ಅವಳು ಬೇವಿನ ಮರದ ಕೆಳಗೆ ಕೂತು ಬಸ್ಸಪ್ಪನ ಎದುರು ತನ್ನ ಕಷ್ಟ ಹೇಳಿಕೊಂಡಳು. ತಾನು ಒಂಟಿ ಎಂದು ಹೇಳಿ, ಗಾಳೆಪ್ಪನ ಅತ್ತೆಯ ಮನೆಯ ಗುರುತು ಕೊಟ್ಟಳು. ಎರಡು ದಿನ ಬಿಟ್ಟು ಮಧ್ಯಾಹ್ನ, ತಲೆಗೆ ಹಸಿರು ಪೇಟ ಸುತ್ತಿಕೊಂಡ 'ಹಕೀಮ' ಬಂದೇ ಬಂದ. ಬಳೆಗಳನ್ನು ಗಡಿಗೆಗೆ ಇಳಿಸಿದಂತೆ ಮಾಡಿ ಅಂಗಿಯ ತೋಳೊಳಗೆ ಜಾರಿಸಿದ. ಕಾಳಿನ ಚೀಲದ ಹಿಂದಿದ್ದ ಗಾಳೆಪ್ಪ ಏಳುವಷ್ಟರಲ್ಲಿ ಲಾಲ್‌ಬೀ ಅವನ ಮಣಿಕಟ್ಟು ಹಿಡಿದಾಗಿತ್ತು.

"ಬಳಿ ನಿನ್ನ ಅಂಗಿಯಾಗ ಗಿಲಕ್ ಅಂತಾವಲ್ಲೋ, ಮೂಳ!"

ಪೇಟ ಕಿತ್ತರೆ ಅವನು ಬಸ್ಸಪ್ಪನೇ. ಪಂಚರ ಎದುರು ಅವನ ಪೆಟ್ಟಿಗೆ ಬಿಚ್ಚಿದರು. ಸುರ್ಮಾ ಸೀಸೆಗಳ ಕೆಳಗೆ ಬೋರಮಾಳ, ಉಡದಾರ ಎರಡೂ ಇದ್ದವು. ಅವನ ಬೆರಳಚ್ಚು ಹೈದರಾಬಾದಿಗೆ ಹೋಯಿತು. ಇದೇ ಮೋಸಕ್ಕೆ ಹಿಂದೆ ಆರು ತಿಂಗಳು ರಾಯಚೂರು ಜೈಲಿನಲ್ಲಿದ್ದವನೆಂದು ಉತ್ತರ ಬಂತು. ಎರಡನೇ ಸಲದ ಗುನ್ಹೆ, ಅದೂ ಕಣ್ಣಿಲ್ಲದ ಮುದುಕರ ಮೇಲೆ ಎಂದು ಮುನ್ಸಿಫರು ಮೂರು ವರ್ಷ ಕಠಿಣ ಸಜೆ ಕೊಟ್ಟರು.

ಜೈಲಿಗೆ ಒಯ್ಯುವ ಮೊದಲು ಅಮೀನ ಕೇಳಿದ: "ಒಮ್ಮೆ ಜೈಲು ಕಂಡೂ ಮತ್ಯಾಕೋ?"

ಬಸ್ಸಪ್ಪ ಅಂದ: "ದವಾಖಾನಿಯಾಗ ಕಸ ಹೊಡೀತಿದ್ನಿರಿ. ಎಲ್ಲಾರೂ ಲೇ ಅಂತಿದ್ರು. ಒಬ್ಬಾಕಿ ಮುದುಕಿ ಕಣ್ಣು ಕಾಣಲಾರದ ನನ್ನ ಡಾಕ್ಟರಪ್ಪಾ ಅಂದ್ಲು. ನನ್ನ ಕೈ ಹಿಡದು ಕಣ್ಣಿಗೆ ಒತ್ತಿಕೊಂಡ್ಲು. ಬಂಗಾರ ಆಮ್ಯಾಲಿನ ಮಾತ್ರಿ."

ಹೊರಡುವಾಗ ತಿರುಗಿ ಅಂದ: "ಜೋಗಮ್ಮನ ಪೊರಿ ಹಣ್ಣಾಗೈತಿ. ತಡಾ ಮಾಡಬ್ಯಾಡ್ರಿ. ಇದು ಸುಳ್ಳಲ್ಲ."

ಆ ಚಳಿಗಾಲ ಜೋಗಮ್ಮನ ಪೊರೆ ತೆಗೆದರು. ಪಟ್ಟಿ ಬಿಚ್ಚಿ ಕನ್ನಡಕ ಕೊಟ್ಟ ದಿನ ಅಮೀನ ದವಾಖಾನೆಗೆ ಹೋಗಿ ಅವಳನ್ನು ಮಾತಾಡಿಸಿದ. ಅವಳು ಅವನ ಮುಖವನ್ನು ನಿಧಾನಕ್ಕೆ ನೋಡಿ ನಕ್ಕಳು.

"ಅಯ್ಯ, ಇನ್ನೂ ಮೀಸಿ ಚಿಗುರಾಕತ್ತಾವಲ್ಲೋ ಮಗನ! ನಾ ಇಷ್ಟು ದಿನ ನಿನಗ ರೀ ಅಂದ್ನಲ್ಲ!"

ಮಕ್ತುಮ್‌ಸಾಬ್ ಟೊಪ್ಪಿಗೆ ತೆಗೆದು, ಅವಳ ಮಂಚದ ಅಂಚಿಗೆ ಕೂತು, ಮನಸಾರೆ ನಕ್ಕ.