ನಾಲ್ಕು ಮಾತು

ಜುನೈದಿ ನನ್ನನ್ನು ಕೇಳಿದ್ದು ವಿಮಾನ ಸಿಬ್ಬಂದಿಯ ಕ್ರೂ ಬಸ್ಸಿನಲ್ಲಿ. ಮಸೀದಿಯ ಬೆಳಗಿನ ಬಾಂಗ್ ಆಗಷ್ಟೇ ಮುಗಿದಿತ್ತು. ತಮ್ಮ ಕೋ-ಪೈಲಟ್ ಟೋಪಿಯನ್ನು ಮಡಿಲಲ್ಲಿ ಎರಡು ಸಲ ತಿರುಗಿಸಿ, "ತೆನ್ರಿ, ನಿಮ್ಮಪ್ಪನ ಹತ್ರ ಬಂದು ಮಾತಾಡ್ಲಾ?" ಎಂದರು.

ನಾನು ತಲೆ ತಗ್ಗಿಸಿದೆ. ಕಿವಿ ಬಿಸಿಯಾಯಿತು. ಬಾಯಿ ತೆರೆಯಲಿಲ್ಲ.

ಒಂದು ತಿಂಗಳು ಕಳೆಯಿತು. ಅವರು ಬರಲಿಲ್ಲ. ಸೋಮವಾರದಿಂದ ದೇಶದ ಇನ್ನೊಂದು ತುದಿಯ ಮೇಡಾನ್‌ಗೆ ವರ್ಗ, ತಾವೇ ಅರ್ಜಿ ಕೊಟ್ಟು ಹಾಕಿಸಿಕೊಂಡದ್ದು ಎಂದು ಬೇರೆಯವರ ಬಾಯಿಂದ ತಿಳಿಯಿತು. ನಾನು ಲಿಪ್‌ಸ್ಟಿಕ್ ಹಚ್ಚಿಕೊಂಡು ಗಗನಸಖಿಯ ಡ್ಯೂಟಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ನಮಾಜಿನಲ್ಲಿ ಏನು ಬೇಡಬೇಕೆಂದು ತೋಚದೆ ಸುಮ್ಮನೆ ಕೂತಿರುತ್ತಿದ್ದೆ.

ಗುರುವಾರ ಮಧ್ಯಾಹ್ನ, ಆ ದಿನದ ನಾಲ್ಕನೆಯ ಹಾರಾಟ. ಮಕಸ್ಸರ್‌ನಿಂದ ಸುರಬಾಯಾಗೆ. ಕಾಲುಗಳು ನನ್ನವಲ್ಲ ಎನ್ನಿಸುವಷ್ಟು ದಣಿವು. ನಗುವೊಂದು ಮುಖದ ಮೇಲೆ ತಾನೇ ನಿಂತಿತ್ತು, ಒಣಹಾಕಿ ಮರೆತ ಬಟ್ಟೆಯ ಹಾಗೆ.

ಮೇಲೇರಿ ಹತ್ತು ನಿಮಿಷವಾಗಿರಬೇಕು. ಕಾಕ್‌ಪಿಟ್‌ನಿಂದ ಗಂಟೆ ಮೂರು ಸಲ ಹೊಡೆಯಿತು. ಮೂರು ಹೊಡೆದರೆ ಚಹಾಕ್ಕಲ್ಲ, ತುರ್ತಿಗೆ. ಫೋನೆತ್ತಿದೆ.

"ಬರ್ಕೊಳ್ಳಿ," ಎಂದರು ಜುನೈದಿ. ತಿಂಗಳಲ್ಲಿ ನನ್ನೊಡನೆ ಆಡಿದ ಮೊದಲ ನೇರ ಮಾತು ಅದು. "ಒಂದು, ಹಿಂದಿನ ಕಾರ್ಗೋದಲ್ಲಿ ಹೊಗೆ ಅಂತ ದೀಪ ಹತ್ತಿದೆ. ಬೆಂಕಿ ಆರಿಸೋ ಗ್ಯಾಸ್ ಬಿಟ್ಟಿದೀವಿ, ದೀಪ ಮಾತ್ರ ಆರ್ತಿಲ್ಲ. ಎರಡು, ಮಕಸ್ಸರ್‌ಗೇ ವಾಪಸ್. ಮೂರು, ಇಳಿಯೋಕೆ ಹನ್ನೊಂದು ನಿಮಿಷ. ನಾಲ್ಕು, ನೆಲ ಮುಟ್ಟಿ ನೋಡಿ, ಎಲ್ಲಾದ್ರೂ ಬಿಸಿ ಇದ್ರೆ ತಕ್ಷಣ ಹೇಳಿ."

ನಾಲ್ಕನ್ನೂ ತಿರುಗಿ ಹೇಳಿದೆ. ನಮ್ಮ ಕೆಲಸದ ಕ್ರಮವೇ ಹಾಗೆ. ತಿರುಗಿ ಹೇಳದ ಮಾತು ತಲುಪದ ಮಾತು. ಅಪ್ಪ ನನಗೆ ಕುರ್‌ಆನ್ ಓದಿಸಿದ್ದೂ ಹೀಗೆಯೇ. ಅವರದೊಂದು ಸಾಲು, ಹಿಂದೆಯೇ ನನ್ನದು. ಒಂದಕ್ಷರ ನುಂಗಿದರೂ "ಮತ್ತೆ ಮೊದಲಿಂದ" ಎನ್ನುವರು, ಸಿಟ್ಟಿಲ್ಲದೆ.

"ಸರಿಯಾಗಿದೆ," ಎಂದರು ಜುನೈದಿ. ಫೋನನ್ನು ಒಂದು ಉಸಿರಿನಷ್ಟು ಹೊತ್ತು ಹೆಚ್ಚಾಗಿ ಹಿಡಿದಿದ್ದರೋ ಏನೋ.

ಆ ಕಾರ್ಗೋ ಇರುವುದು ಹಿಂದಿನ ಸಾಲುಗಳ ನೆಲದ ಕೆಳಗೆ. ಅಲ್ಲಿ ಮೊಣಕಾಲೂರಿದೆ. ಅಂಗೈಯಲ್ಲ, ಕೈಯ ಹಿಂಬದಿ ಇಟ್ಟು ನೋಡಬೇಕು. ಬಿಸಿ ಮೊದಲು ತಿಳಿಯುವುದು ಅಲ್ಲಿಗೆ. ಇಪ್ಪತ್ತನೇ ಸಾಲು ತಣ್ಣಗೆ. ಇಪ್ಪತ್ತೊಂದು ತಣ್ಣಗೆ.

"ಏನ್ ಹುಡುಕ್ತಿದೀಯ ಮಗಳೇ?" ಅಂಚಿನ ಸೀಟಿನ ಅಜ್ಜಿ ಬಗ್ಗಿ ಕೇಳಿದರು.

"ಕಿವಿಯೋಲೆ ಅಜ್ಜಿ. ಬಿದ್ದೋಯ್ತು."

ಅಜ್ಜಿ ನನ್ನ ಬಲಗಿವಿ ನೋಡಿದರು, ಎಡಗಿವಿ ನೋಡಿದರು. ಎರಡರಲ್ಲೂ ಓಲೆ ಇತ್ತು. ಜಪಸರ ತೆಗೆದು, "ಹುಡುಕು, ಹುಡುಕು. ನಾನೂ ದೇವರ ಹತ್ರ ಕೇಳ್ಕೋತೀನಿ," ಎಂದರು.

ಕೊನೆಯ ಸಾಲಿನವರೆಗೂ ನೆಲ ತಣ್ಣಗಿತ್ತು. ಫೋನಿನಲ್ಲಿ ಹೇಳಿದೆ. ಜುನೈದಿ ನನ್ನ ಮಾತನ್ನು ತಿರುಗಿ ಹೇಳಿದರು: "ನೆಲ ತಣ್ಣಗಿದೆ." ಸೀಟಿನಲ್ಲಿ ಕೂತು ಪಟ್ಟಿ ಬಿಗಿದುಕೊಂಡಾಗ ಹೆದರಿಕೆ ಬಂತು. ಸಾಯುವ ಹೆದರಿಕೆ ಸ್ವಲ್ಪ. ಅವರು ಏಕೆ ಬರಲಿಲ್ಲವೆಂದು ಕೇಳದೇ ಸಾಯುವ ಹೆದರಿಕೆ ಅದಕ್ಕಿಂತ ಹೆಚ್ಚು.

ಇಳಿದೆವು. ಅಗ್ನಿಶಾಮಕ ವಾಹನಗಳು ಸುತ್ತುವರಿದವು. ಮೆಟ್ಟಿಲು ಹಚ್ಚಿ ಎಲ್ಲರನ್ನೂ ಇಳಿಸಿದೆವು. ಕಾರ್ಗೋ ಬಾಗಿಲು ತೆರೆದವನು ಕೂಗಿ ಹೇಳಿದ, "ಬೆಂಕಿ ಇಲ್ಲ. ಏಡಿ ಇದೆ. ಜೀವಂತ." ಒದ್ದೆ ಪೆಟ್ಟಿಗೆಗಳ ಹಬೆಯನ್ನೇ ಯಂತ್ರ ಹೊಗೆಯೆಂದು ತಿಳಿದಿತ್ತು.

ಅಜ್ಜಿ ಬಸ್ ಹತ್ತುವ ಮುನ್ನ ನನ್ನ ಕೈಯ ಹಿಂಬದಿ ಸವರಿದರು. "ಓಲೆ ಸಿಕ್ತಲ್ಲ. ಇನ್ನು ಮಲ್ಕೋ ಹೋಗು."

ಮಲಗುವುದೆಲ್ಲಿ, ನಡೆದದ್ದರ ಹೇಳಿಕೆ ಬರೆಯಬೇಕಿತ್ತು. ಕ್ರೂ ರೂಮಿನಲ್ಲಿ ಕ್ಯಾಪ್ಟನ್ ಹಂದೋಕೋ ಬರೆದು ಮುಗಿಸಿ, ಕುರ್ಚಿಯಲ್ಲೇ ಕಣ್ಣು ಮುಚ್ಚಿದರು. ಜುನೈದಿ ಶುಂಠಿ ಚಹಾದ ಲೋಟ ತಂದು ನನ್ನ ಮುಂದಿಟ್ಟರು. ಅವರ ಕಣ್ಣಿನ ಕೆಳಗೂ ನನ್ನಷ್ಟೇ ಕಪ್ಪು.

"ಮೇಡಾನ್ ಯಾಕೆ?" ಎಂದೆ. ಸುತ್ತಿ ಬಳಸಿ ಕೇಳುವ ಶಕ್ತಿ ಉಳಿದಿರಲಿಲ್ಲ.

"ಬಸ್ಸಲ್ಲಿ ಕೇಳಿದೆ. ನೀವು ಏನೂ ಹೇಳಲಿಲ್ಲ."

"ಹೇಳಲಿಲ್ಲ. ಅದೇ ಉತ್ತರ."

"ಅದೇ ಅಂದ್ಕೊಂಡೆ. ಬೇಡ ಅಂತ."

ನಾನು ಲೋಟ ಕೆಳಗಿಟ್ಟೆ. "ನಮ್ಮ ಮರೋಸ್‌ನಲ್ಲಿ ಹುಡುಗಿ ಸುಮ್ಮನಿದ್ರೆ ಒಪ್ಪಿಗೆ ಅಂತ ಅರ್ಥ. ಬೇಡ ಅಂದ್ರೆ ಮಾತ್ರ ಬಾಯಿ ಬಿಡ್ತಾಳೆ. ನೀವೂ ನಮ್ಮ ಕಡೆಯವರೇ, ನಿಮ್ಮಜ್ಜಿ ನಿಮಗೆ ಇದನ್ನ ಹೇಳ್ಕೊಟ್ಟಿಲ್ವಾ?"

ಜುನೈದಿ ಎದುರಿನ ಕುರ್ಚಿ ಎಳೆದು ಕೂತರು. "ಹೇಳ್ಕೊಟ್ಟಿದ್ಳು," ಎಂದರು. "ಹನ್ನೆರಡು ವರ್ಷ ವಿಮಾನ ಓಡಿಸಿ ಮರೆತೆ. ಆ ಕಡೆಯಿಂದ ವಾಪಸ್ ಮಾತು ಬರಲಿಲ್ಲ ಅಂದ್ರೆ ನನಗೆ ಇಲ್ಲ ಅಂತಲೇ."

"ಮದುವೆ ಮಾತಿಗೂ ಕಂಟ್ರೋಲ್ ಟವರ್ ಬೇಕಾ?"

ಅವರು ನಕ್ಕರು, ಸುಸ್ತಾದ ಸಣ್ಣ ನಗು. "ಆರ್ಡರ್‌ಗೆ ಸಹಿ ಆಗಿಹೋಗಿದೆ ತೆನ್ರಿ. ಆರು ತಿಂಗಳು ಹೋಗ್ಲೇಬೇಕು."

ಗೋಡೆಯ ಫ್ಯಾನು ಈ ಕಡೆ ತಿರುಗಿತು, ಆ ಕಡೆ ತಿರುಗಿತು.

"ಹಾಗಾದ್ರೆ ಬ್ರೀಫಿಂಗ್ ಕೊಡಿ," ಎಂದೆ. "ನಾಲ್ಕು ಮಾತಲ್ಲಿ."

ಅವರು ಬೆನ್ನು ನೆಟ್ಟಗೆ ಮಾಡಿದರು. "ಒಂದು, ನಾನು ನಿಮ್ಮನ್ನ ತಪ್ಪಾಗಿ ತಿಳ್ಕೊಂಡೆ. ಎರಡು, ಭಾನುವಾರ ನಿಮ್ಮಪ್ಪನ ಹತ್ರ ಬರ್ತೀನಿ. ಮೂರು, ಆರು ತಿಂಗಳು. ನಾಲ್ಕು..." ಧ್ವನಿ ತಗ್ಗಿತು. "ಈ ಸಲ ಬಾಯಿ ಬಿಟ್ಟು ಹೇಳಿ."

"ಹೇಳಮ್ಮ," ಎಂದರು ಕ್ಯಾಪ್ಟನ್, ಕಣ್ಣು ತೆರೆಯದೆ. "ಸಾಕ್ಷಿಗೆ ಒಬ್ಬ ಇದ್ದೀನಿ."

"ಒಂದು, ನೀವು ನನ್ನನ್ನ ತಪ್ಪಾಗಿ ತಿಳ್ಕೊಂಡ್ರಿ. ಎರಡು, ಭಾನುವಾರ ಅಪ್ಪನ ಹತ್ರ ಬರ್ತೀರಿ. ಮೂರು..."

ಆರು ತಿಂಗಳು ಎನ್ನುವಲ್ಲಿ ಅಕ್ಷರ ನುಂಗಿಹೋಯಿತು. ಜುನೈದಿ ಅವಸರಿಸಲಿಲ್ಲ. ಅಪ್ಪನ ಹಾಗೆಯೇ ಕಾದರು.

ನಾನು ಮತ್ತೆ ಮೊದಲಿಂದ ಶುರುಮಾಡಿದೆ. ಒಂದು, ಎರಡು, ಮೂರು, ಯಾವುದನ್ನೂ ನುಂಗದೆ. ನಾಲ್ಕನೆಯದಕ್ಕೆ ಬಂದಾಗ ತಲೆ ತಗ್ಗಿಸಲಿಲ್ಲ.

"ಒಪ್ಪಿಗೆ," ಎಂದೆ.