ಪರದೆಯಲ್ಲಿಲ್ಲದ ಕತ್ತೆ

ಮಂಗಳವಾರ ಬೆಳಿಗ್ಗೆ 9.40ಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಮೈಕೈಗೆಲ್ಲ ಇಟ್ಟಿಗೆಯ ಕೆಂಪು ಧೂಳು. ಕೈಯಲ್ಲಿ ಬರೀ ಹಗ್ಗ.

"ನನ್ನ ಕತ್ತೆ ಕಾಣಿಸ್ತಿಲ್ಲ ಸಾರ್."

ದಫೇದಾರ ತಲೆಯೆತ್ತಿದ. "ಕತ್ತೆ ಹುಡುಕೋಕೆ ಠಾಣೆಗೇ ಬಂದ್ಯಲ್ಲಮ್ಮ, ಬುದ್ಧಿವಂತೆ."

ಯಾರೂ ನಗಲಿಲ್ಲ. ಇನ್‌ಸ್ಪೆಕ್ಟರ್ ಅವಳಿಗೆ ಬೆಂಚು ತೋರಿಸಿ ಎದುರಿಗೇ ಕುಳಿತರು.

ಇಟ್ಟಿಗೆ ಗೂಡಿನಲ್ಲಿ ಕತ್ತೆಯ ಮೇಲೆ ಇಟ್ಟಿಗೆ ಸಾಗಿಸುವುದು ಅವಳ ಕಸುಬು. ಇದ್ದದ್ದು ಒಂದೇ ಕತ್ತೆ, ಬಿಳಿಮೂತಿ. ಕಾಲು ಊದಿತ್ತೆಂದು ಪಶು ಆಸ್ಪತ್ರೆಯ ಕೊಟ್ಟಿಗೆಯಲ್ಲಿ ಬಿಟ್ಟಿದ್ದಳು. ನಿನ್ನೆ ಕರೆತರಲು ಹೋದರೆ, ಕಂಪ್ಯೂಟರಿನಲ್ಲಿ ನಿನ್ನ ಪ್ರಾಣಿಯೇ ಇಲ್ಲ ಎಂದರಂತೆ.

"ಶುಕ್ರವಾರದೊಳಗೆ ಕತ್ತೆ ಹಿಡ್ಕೊಂಡು ಹೋಗ್ದಿದ್ರೆ ಮೇಸ್ತ್ರಿ ನನ್ನ ಜಾಗ ಬೇರೆಯವರಿಗೆ ಕೊಡ್ತಾನೆ. ಆಮೇಲೆ ನಾನೂ ಮಗಳೂ ಮಣ್ಣು ತಿನ್ಬೇಕು."

ಎಫ್‌ಐಆರ್ ದಾಖಲಾಯಿತು.

ಆಸ್ಪತ್ರೆಯ ಕಾವಲುಗಾರ ಪ್ಯಾಂಟು ಮೇಲಕ್ಕೆ ಸರಿಸಿ ಮೊಣಕಾಲು ತೋರಿಸಿದ. "ಇಲ್ಲದ ಕತ್ತೆ ಹಿಂಗೆ ಒದೀತದಾ ಸಾರ್?"

"ಕಂಪ್ಯೂಟರ್ ಪರದೇಲಿ ಇಲ್ವಲ್ಲ," ಎಂದರು ಡಾಕ್ಟರು. "ನಿನ್ನೆ ಮೇಲಿನವರು ತಪಾಸಣೆಗೆ ಬಂದು ತಲೆ ಎಣಿಸಿದ್ರು. ಪರದೆಗೂ ಕೊಟ್ಟಿಗೆಗೂ ಸರಿಹೋಯ್ತು."

ಕೊಟ್ಟಿಗೆಯ ಬಾಗಿಲಲ್ಲಿ ಪ್ರಾಣಿಗಳ ಕಿವಿಯ ಬಿಲ್ಲೆ ಓದುವ ಯಂತ್ರವಿತ್ತು. ಒಡೆಯರ ಹೆಸರಿನ ಕೆಳಗೆ ಅವರವರ ಪ್ರಾಣಿಗಳನ್ನು ಸೇರಿಸಿ ಅದು ಎಕ್ಸ್‌ಎಂಎಲ್ ಎಂಬ ರೂಪದ ಕಡತ ಕಳಿಸುತ್ತದೆ. ಪ್ರೋಗ್ರಾಂ ಆ ಕಡತವನ್ನು ಬಿಡಿಸಿ ಪರದೆಗೆ ಹಾಕುತ್ತದೆ. ಕಂಪ್ಯೂಟರ್ ಓದಿದ್ದ ಮಹಿಳಾ ಕಾನ್‌ಸ್ಟೆಬಲ್ ಎರಡನ್ನೂ ತೆರೆದು ನೋಡಿದಳು.

"ಕಡತದಲ್ಲಿ ಕತ್ತೆ ಇದೆ ಸರ್. ಪರದೇಲಿಲ್ಲ."

"ಯಾರಾದ್ರೂ ಅಳಿಸಿದಾರಾ?"

"ಇಲ್ಲ. ಒಬ್ಬರ ಎಮ್ಮೆನೂ ಬಿಟ್ಟುಹೋಗಿದೆ, ಇನ್ನೊಬ್ಬ ಅಜ್ಜನ ಮೇಕೆನೂ. ಇವರಿಗೆಲ್ಲ ಇರೋದು ಒಂದೊಂದೇ ಪ್ರಾಣಿ."

"ನನ್ನ ತಲೆಗೆ ಇಳಿಯೋ ಹಾಗೆ ಹೇಳಮ್ಮ."

"ಮುಚ್ಚಿದ ಬುಟ್ಟಿ ಅಂದ್ಕೊಳ್ಳಿ ಸರ್. ಪ್ರೋಗ್ರಾಂ ಓಡುವಾಗ ಮುಚ್ಚಳ ತೆಗೆದ್ರೇನೇ ಒಳಗೇನಿದೆ ಅಂತ ಗೊತ್ತಾಗೋದು. ಹಲವಿದ್ರೆ ಪಟ್ಟಿಯಾಗಿ ಬರುತ್ತೆ, ಒಂದೇ ಇದ್ರೆ ಬಿಡಿಯಾಗಿ. ಇದನ್ನ ಬರೆದವರು ಪಟ್ಟಿಯೇ ಬರುತ್ತೆ ಅಂತ ನಂಬಿದ್ದಾರೆ. ಬಿಡಿಯಾಗಿ ಬಂದದ್ದನ್ನ ಪ್ರೋಗ್ರಾಂ ತೆಪ್ಪಗೆ ಆಚೆ ಬಿಸಾಕಿದೆ."

"ಸರಿ, ಪರದೆಯಿಂದ ಬಿಸಾಕ್ತು. ಕೊಟ್ಟಿಗೇಲಿ ಹಗ್ಗ ಬಿಚ್ಚಿದ್ದು ಯಾರು?"

ಅವಳು ಇನ್ನಷ್ಟು ಹುಡುಕಿದಳು. ಶನಿವಾರ ಸಂಜೆ ಯಾರೋ ಪ್ರೋಗ್ರಾಂನಲ್ಲಿ ಹೀಗೆ ಬಿಸಾಕುವ ಸಾಲನ್ನೇ ತಿದ್ದಲು ಹೊರಟು ಅರ್ಧಕ್ಕೇ ಕೈಬಿಟ್ಟಿದ್ದರು. ಆ ಹೊತ್ತಿಗೆ ಎಮ್ಮೆ, ಮೇಕೆ ಮನೆ ಸೇರಿದ್ದವು. ಕೊಟ್ಟಿಗೆಯಲ್ಲಿ ಉಳಿದಿದ್ದ ಒಂಟಿ ಪ್ರಾಣಿಯೆಂದರೆ ಬಿಳಿಮೂತಿ. ಪ್ರೋಗ್ರಾಂ ಬರೆದ ತರುಣ ತಪಾಸಣೆಯ ದಿನ ಸಂಜೆಯೇ ಜ್ವರವೆಂದು ರಜೆ ಹಾಕಿದ್ದ. ವಿಚಾರಿಸಿದರೆ, ಇದ್ದದ್ದು ಸೋದರಮಾವನ ಸಸಿತೋಟದಲ್ಲಿ.

ಮಧ್ಯಾಹ್ನ 3.30. ಹೆಂಗಸನ್ನೂ ಕರೆದುಕೊಂಡು ಪೊಲೀಸರು ತೋಟಕ್ಕೆ ಹೋದಾಗ ಮಾವ ಗೇಟಿಗೆ ಅಡ್ಡ ನಿಂತ. "ಕತ್ತೇನಾ? ನಾವು ಹೂವಿನ ಗಿಡ ಮಾರೋರು ಸಾರ್."

ಇನ್‌ಸ್ಪೆಕ್ಟರ್ ಹೆಂಗಸಿನ ಕಡೆ ತಿರುಗಿದರು. "ಒಂದ್ಸಲ ಕರೀಮ್ಮ."

"ಬಿಳಿಮೂತೀ!"

ಗೊಬ್ಬರದ ಶೆಡ್ಡಿನ ಹಿಂದಿನಿಂದ ತಗಡು ನಡುಗುವಂತೆ ಉತ್ತರ ಬಂತು.

"ಎಲ್ಲ ಕಳ್ಳಮಾಲೂ ಹೀಗೆ ಓಗೊಟ್ರೆ ನಾವು ಹೊತ್ತಿಗೆ ಸರಿಯಾಗಿ ಮನೆ ಸೇರ್ಬಹುದಿತ್ತು," ಎಂದ ದಫೇದಾರ.

ಮಾವ ಗೇಟು ತೆರೆದ. ತೋಟದ ಇಬ್ಬರು ಆಳುಗಳ ಎದುರು ಪಂಚನಾಮೆಯಾಯಿತು. ಬಿಲ್ಲೆಯ ನಂಬರ್ ತಾಳೆಯಾಯಿತು. ಕತ್ತೆಯ ಕಾಲಿಗೆ ಹೊಸ ಪಟ್ಟಿ ಕಟ್ಟಿತ್ತು, ಊತ ಇಳಿದಿತ್ತು. ತರುಣ ತಾನಾಗಿಯೇ ಹೊರಬಂದ.

"ತಲೆ ಎಣಿಸಿದಾಗ ಪರದೆಗಿಂತ ಒಂದು ಹೆಚ್ಚಾದ್ರೆ ನನ್ನ ತಪ್ಪು ಹೊರಬೀಳ್ತಿತ್ತು. ಒಂದೇ ದಿನಕ್ಕೆ ಅಂತ ತಂದೆ ಸರ್. ಮೇಲಿನವರು ಹೋದ್ಮೇಲೆ ಬಿಟ್ಟುಬರೋಣ ಅಂತ. ಅಷ್ಟರಲ್ಲಿ ಇವರು ಬಂದ್ರು, ಡಾಕ್ಟರು ಇಲ್ಲ ಅಂದ್ರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯೇ ಬರಲಿಲ್ಲ."

"ತಿದ್ತಾ ಇದ್ದವನು ನಿಲ್ಲಿಸಿದ್ದೇಕೆ?"

"ತಿದ್ದಿದ್ರೆ ಇಷ್ಟು ದಿನ ಬಿಟ್ಟುಹೋದವೆಲ್ಲ ಒಟ್ಟಿಗೆ ಪರದೆಗೆ ಬರ್ತಿದ್ವು, ಎಲ್ಲರಿಗೂ ಗೊತ್ತಾಗ್ತಿತ್ತು. ಮೊದಲನೇ ಕೆಲಸ ಸರ್. ದೊಡ್ಡ ಮಂದೆಯವರ ಕಡತ ಇಟ್ಕೊಂಡೇ ಪರೀಕ್ಷೆ ಮಾಡಿದ್ದೆ. ಒಂದೇ ಪ್ರಾಣಿ ಇರೋರು ನೆನಪಿಗೇ ಬರಲಿಲ್ಲ."

4.50ಕ್ಕೆ ಬಂಧನ. ಜೀಪು ಹತ್ತುವಾಗ ಅವನು ಕಾನ್‌ಸ್ಟೆಬಲ್‌ಗೆ ಹೇಳಿದ: "ಮೇಡಂ, ಬಂದದ್ದು ಪಟ್ಟಿಯೋ ಬಿಡಿಯೋ ಅಂತ ಮೊದಲು ಕೇಳ್ಬೇಕು. ಬಿಡಿಯಾದ್ರೆ ಅದನ್ನೇ ಒಂದರ ಪಟ್ಟಿ ಮಾಡ್ಕೊಂಡ್ರಾಯ್ತು. ಡಾಕ್ಟರಿಗೆ ತಿಳಿಸಿ. ತಪ್ಪು ನಂದೇ ಅಂತಾನೂ ಹೇಳಿ."

ಹೆಂಗಸು ಕತ್ತೆಯ ಕಾಲು ಸವರುತ್ತಿದ್ದಳು. "ಕಾಲೇನೋ ವಾಸಿ ಮಾಡಿದೀಯ," ಎಂದಳು. "ಹಿಂಗಾಗಿದೆ ಅಕ್ಕಾ ಅಂತ ಒಂದು ಮಾತು ಹೇಳಿದ್ರೆ, ಆವತ್ತು ನಾನೇ ಮನೆಗೆ ಹೊಡ್ಕೊಂಡು ಹೋಗ್ತಿದ್ನಲ್ಲೋ."

ಅವನು ಕನ್ನಡಕ ತೆಗೆದು ಮುಖ ಮುಚ್ಚಿಕೊಂಡ.

ಕತ್ತೆಯನ್ನು ಒಡತಿಗೆ ಬಿಟ್ಟುಕೊಡಲು ನ್ಯಾಯಾಲಯದ ಅನುಮತಿ ಗುರುವಾರ ಸಿಕ್ಕಿತು. ಶುಕ್ರವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ವರದಿಯಲ್ಲಿ 'ಉದ್ದೇಶ' ಎಂಬಲ್ಲಿ "ಲಾಭವಲ್ಲ; ತಪ್ಪೊಪ್ಪಲು ಅಂಜಿಕೆ" ಎಂದು ಬರೆದು ಸಹಿ ಹಾಕುವ ಹೊತ್ತಿಗೆ, ಕಿಟಕಿಯಾಚೆ ಬಿಳಿಮೂತಿ ಗೂಡಿನ ಹಾದಿ ಹಿಡಿದಿತ್ತು. ಹಿಂದೆ ಮಗಳು, ಅವಳ ಹಿಂದೆ ತಾಯಿ. ಹಗ್ಗ ತಾಯಿಯ ಹೆಗಲ ಮೇಲಿತ್ತು.